ದನಿ ರಿಪೇರಿಗೆ ಹೋದಾಗ

ಲ್ಯಾಪ್‌ಟಾಪ್ ಅಲುಗಾಡುತ್ತಿದೆ ಎಂದು ಮೊದಲು ಹೇಳಿದವನು ಅವಳ ಗಂಡ. ಹೇಳಿದ್ದು ಆ ಲ್ಯಾಪ್‌ಟಾಪಿನ ಬಾಯಿಂದಲೇ.

“ಏ, ಇದು ಕುಣೀತಾ ಇದೆ,” ಎಂದಿತು ಒಳಕೋಣೆಯಿಂದ ಅವನ ದನಿ.

ಅವಳು ಹೊರಕೋಣೆಯಲ್ಲಿ ಹೊಲಿಗೆ ಮಷಿನ್ನಿನ ಮುಂದೆ ಕೂತು ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಿದ್ದಳು. ಕೆಟ್ಟ ಜಿಪ್ಪು ಕಿತ್ತು ಹೊಸದು ಹಾಕುವುದು, ಬಿಗಿಯಾದ ಸೊಂಟ ಬಿಡಿಸುವುದು, ಹರಿದಲ್ಲಿ ಹೊರಗೆ ಕಾಣದ ಹಾಗೆ ತೇಪೆ ಕೊಡುವುದು ಅವಳ ಕೆಲಸ.

“ಬಂದೆ ಇರಿ, ಇದೊಂದು ಹೊಲಿಗೆ.”

ಅವಳು ಇನ್ನೊಂದು ಗೇಣು ಹೊಲಿಯುವಷ್ಟರಲ್ಲಿ ಆ ದನಿ ಮತ್ತೆ ಹೇಳಿತು: “ಪ್ರಯಾಣಿಕರ ಗಮನಕ್ಕೆ. ಒಂದು ಹೊಲಿಗೆ ಅಂದರೆ ಒಂದು ಗಂಟೆ.”

ಅವಳಿಗೆ ನಗು ಬಂತು. ದಾರ ಕತ್ತರಿಸಿ ಎದ್ದಳು.

ಅವನು ರೈಲ್ವೆ ನಿಲ್ದಾಣದಲ್ಲಿ ಗಾಡಿಗಳ ಬರುಹೋಗು ಕೂಗುವ ಕೆಲಸದಲ್ಲಿದ್ದವನು. ಓಣಿಯ ಮಕ್ಕಳಿಗೆಲ್ಲ ಮೈಕ್ ಮಾಮ. ಅವಳು ಅವನ ಮುಖ ನೋಡುವುದಕ್ಕೆ ಎಷ್ಟೋ ಮೊದಲು ಅವನ ದನಿ ಕೇಳಿದ್ದಳು. ಕೆಲಸಕ್ಕೆಂದು ದಿನವೂ ರೈಲು ಹಿಡಿಯುತ್ತಿದ್ದ ಕಾಲದಲ್ಲಿ, ಗಾಡಿ ತಡ ಎಂದು ಹೇಳುವಾಗಲೂ ಏನೋ ಒಳ್ಳೆಯದಾಗಲಿದೆ ಎನ್ನುವ ಹಾಗೆ ಹೇಳುವ ಈ ಗಂಡಸು ಯಾರಪ್ಪ ಎಂದುಕೊಂಡಿದ್ದಳು. ಕಡೆಗೆ ಅವನನ್ನೇ ಮದುವೆಯಾದಳು.

ನರಗಳ ಕಾಯಿಲೆ ಮೊದಲು ಕಾಲಿಗೆ ಬಂತು, ಆಮೇಲೆ ಕೈಗೆ, ಕೊನೆಗೆ ನಾಲಿಗೆಗೆ. ಈಗ ಅವನ ಮಾತು ಕೇಳುವುದು ಎರಡು ಕಣ್ಣು ಮತ್ತು ಬಲಗೈಯ ತೋರುಬೆರಳು ಮಾತ್ರ. ಹಾಗೆಂದು ಮೈ ಮರಗಟ್ಟಿರಲಿಲ್ಲ. ಚಳಿ, ಕೆರೆತ, ಬೆನ್ನಡಿಯ ಬಟ್ಟೆಯ ಮಡಿಕೆ ಎಲ್ಲವೂ ಅವನಿಗೆ ಗೊತ್ತಾಗುತ್ತಿತ್ತು. ಏನೂ ಮಾಡಲಾಗುತ್ತಿರಲಿಲ್ಲ, ಅಷ್ಟೆ.

ನಾಲಿಗೆ ಪೂರ್ತಿ ಬೀಳುವ ಮುಂಚೆ ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಹೆಂಗಸೊಬ್ಬಳು ಪುಣ್ಯದ ಕೆಲಸ ಮಾಡಿದ್ದಳು. ನಿಲ್ದಾಣದ ಹಳೆಯ ಧ್ವನಿಮುದ್ರಣಗಳನ್ನು ತರಿಸಿ, ಅವನಿಂದಲೂ ಆದಷ್ಟು ಓದಿಸಿ, ಅವನದೇ ದನಿಯಲ್ಲಿ ಮಾತಾಡುವ ಹಾಗೆ ಈ ಲ್ಯಾಪ್‌ಟಾಪನ್ನು ಸಜ್ಜು ಮಾಡಿಸಿಕೊಟ್ಟಿದ್ದಳು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತ ಹೋಗುತ್ತವೆ. ಬೇಕಾದ ಅಕ್ಷರ ಬಂದಾಗ ಅವನು ಬೆರಳಡಿಯ ಗುಂಡಿ ಒತ್ತಬೇಕು. ಮಾತು ಕೂಡಿದ ಮೇಲೆ ಯಂತ್ರ ಅದನ್ನು ಹೇಳುತ್ತದೆ. ಸಿಟ್ಟಿನ ಮಾತಿಗೊಂದು ಏರು, ತಮಾಷೆಗೊಂದು ಎಳೆತ, ಎಲ್ಲ ಅವನದೇ.

ಅವನ ತೊಡೆಗಳ ಮೇಲೆ ಅಡ್ಡ ಇಟ್ಟ ಮಣೆಯಲ್ಲಿ ಲ್ಯಾಪ್‌ಟಾಪ್ ಇರುತ್ತಿತ್ತು. ಹಿಂದೊಮ್ಮೆ ಬಿದ್ದು ಒಂದು ಮೂಲೆ ಸೀಳಿತ್ತು, ಪರದೆಯ ಒಂದು ಕೀಲು ಕಿತ್ತಿತ್ತು. ಸೊಂಟಪಟ್ಟಿಗೆ ಬಳಸುವ ದಪ್ಪ ಪಟ್ಟಿಯಿಂದ ಅವಳೇ ಬಿಗಿದು ಕಟ್ಟಿದ್ದಳು. ಈಗ ನೋಡಿದರೆ ಅದರ ತಳ ಸಮನಾಗಿರಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಕೀಬೋರ್ಡಿನ ನಡುಭಾಗ ಹೊಟ್ಟೆಯುಬ್ಬರಿಸಿದಂತೆ ಮೇಲೆದ್ದಿತ್ತು. ಅಂಗೈ ಇಟ್ಟಳು. ಬಿಸಿಯಾಗಿತ್ತು. ಬಗ್ಗಿದಾಗ ಉಗುರುಬಣ್ಣದಂಥ ಸಿಹಿ ವಾಸನೆ ಮೂಗಿಗೆ ಬಡಿಯಿತು.

“ಇದೇನ್ರೀ ಇದು, ಬಸುರಿ ಹೊಟ್ಟೆ ಆದಂಗಾಗಿದೆ?”

ಅವನ ಬೆರಳು ಆಡಿತು. ಅವಳು ಕಾದಳು. “ನಾನಲ್ಲ ಕಾರಣ,” ಎಂದಿತು ಯಂತ್ರ.

ನಕ್ಕಳು, ಆದರೆ ಕೈ ತಾನಾಗಿ ಚಾರ್ಜರಿನ ತಂತಿ ಕಿತ್ತಿತು. ಉಬ್ಬಿದ ಬ್ಯಾಟರಿ ಹೊತ್ತಿಕೊಳ್ಳುತ್ತದೆ ಎಂದು ಎಲ್ಲೋ ಕೇಳಿದ್ದಳು. ಹೊತ್ತಿಕೊಂಡರೆ ಬೇರೆಯವರು ಕೊಡವಿ ಎದ್ದಾರು. ಇವನು ತೊಡೆಯ ಮೇಲಿನ ಬೆಂಕಿಯನ್ನು ನೋಡುತ್ತ ಕೂರಬೇಕು. ತಾನು ಆಗ ತರಕಾರಿ ತರಲು ಹೋಗಿದ್ದರೆ?

ಆವತ್ತೇ ಬೇರೆ ಊರಿನಲ್ಲಿದ್ದ ನಾದಿನಿಗೆ ಫೋನು ಮಾಡಿದಳು. ನಾದಿನಿಗೆ ಅಣ್ಣನೆಂದರೆ ಜೀವ. ಅವಳದು ಮೊದಲಿನಿಂದಲೂ ಒಂದೇ ಮಾತು. “ಅತ್ತಿಗೆ, ಆ ಡಬ್ಬಾನ ಇನ್ನೂ ಎಷ್ಟು ದಿನ ಎಳೀತೀರಿ? ಹೊಸದು ತಗೊಂಡ್ಬಿಡೋಣ. ನಾನೇ ಕಳಿಸ್ತೀನಿ.”

“ಹೊಸದಕ್ಕೆ ಈ ದನಿ ಬರಲ್ವಂತಲ್ಲ.”

“ಬೇರೆ ದನಿ ಬರುತ್ತೆ. ಮಾತಾಡೋದು ಮುಖ್ಯ ತಾನೆ?”

ಫೋನಿನ ಸ್ಪೀಕರಿನಿಂದ ಅದನ್ನು ಕೇಳುತ್ತಿದ್ದ ಅವನ ಬೆರಳು ಆಗಲೇ ಗುಂಡಿ ಒತ್ತುತ್ತಿತ್ತು. ಉಳಿದಿದ್ದ ಚೂರು ಚಾರ್ಜಿನಲ್ಲಿ ಯಂತ್ರ ಹೇಳಿತು: “ಹೊಸದು ಬೇಡ. ಯಾವನದೋ ದನೀಲಿ ನನ್ನ ಹೆಂಡತೀನ ಕರೆಯಲ್ಲ.”

ಹಾಗಾದರೆ ರಿಪೇರಿಗೇ ಕೊಡಿ ಎಂದಳು ನಾದಿನಿ. ಇತ್ತ ಹೆಂಡತಿಯ ಕಣ್ಣಲ್ಲಿ ನೀರು ಬಂತು. ಮರೆಮಾಡಲು ಮುಖ ತಿರುಗಿಸಿ ಚಾರ್ಜರಿನ ತಂತಿ ಸುತ್ತತೊಡಗಿದಳು. ಲ್ಯಾಪ್‌ಟಾಪನ್ನು ಎತ್ತುವ ಮುಂಚೆ ಅವನು ಇನ್ನೊಂದು ಮಾತು ಕೂಡಿಸಿದ. “ಬೇಗ ತಾ.”

ಮೂಲೆಯ ರಿಪೇರಿ ಅಂಗಡಿಯವನು ಬಾಯಿ ಜೋರಿನ, ಎಲ್ಲರೊಂದಿಗೂ ಹರಟುವ ಮನುಷ್ಯ. ಲ್ಯಾಪ್‌ಟಾಪ್ ನೋಡಿದ್ದೇ ಹರಟೆ ನಿಲ್ಲಿಸಿದ. ಅಂಗಡಿಯ ಹೊರಗೆ ಮೆಟ್ಟಿಲ ಮೇಲೆ ಕೂತು ಸ್ಕ್ರೂ ಬಿಚ್ಚಿದ. ಒಳಗಿಂದ ದಿಂಬಿನಂತೆ ಉಬ್ಬಿದ ಬೆಳ್ಳಿ ಬಣ್ಣದ ಬ್ಯಾಟರಿಯನ್ನು ಉಸಿರು ಬಿಗಿಹಿಡಿದು ಬಿಡಿಸಿ, ಮರಳು ತುಂಬಿದ ಬಕೆಟ್ಟಿನಲ್ಲಿಟ್ಟು ಮೇಲೆ ಮತ್ತಷ್ಟು ಮರಳು ಸುರಿದ.

“ಎಲ್ಲಿಟ್ಕೊಂಡಿದ್ರಿ ಅಕ್ಕಾ ಇದನ್ನ?”

“ಅವರ ತೊಡೆ ಮೇಲೆ.”

ಅವನು ಕೈಯ ಮರಳು ಕೊಡವಿ ಒಳಗೆ ಬಂದ ಮೇಲೆ ಬರೀ ಲೆಕ್ಕಾಚಾರದ ಮಾತಾಡಿದ. ಇಂಥ ಹಳೆಯ ಮಾದರಿಗೆ ಬ್ಯಾಟರಿ ಬೇರೆ ಕಡೆಯಿಂದ ತರಿಸಬೇಕು. ಕೀಲು ಹಾಕಬೇಕು. ಚಾರ್ಜರ್ ಚುಚ್ಚುವ ಜಾಗ ಸಡಿಲವಾಗಿದೆ, ಅದನ್ನೂ ಬೆಸೆಯಬೇಕು. “ನನ್ನ ಕೇಳಿದ್ರೆ ಹೊಸದೇ ವಾಸಿ. ಆದ್ರೆ ಮಾತಾಡೋ ಸಾಫ್ಟ್‌ವೇರು ಈ ಬೋರ್ಡಿಗೇ ಗಂಟು ಹಾಕಿದಾರೆ. ಕಿತ್ತು ಬೇರೆಯದಕ್ಕೆ ಹಾಕೋಕಾಗಲ್ಲ. ಮಾಡಿದ ಕಂಪನಿನೇ ಈಗಿಲ್ಲ.”

“ರಿಪೇರಿನೇ ಮಾಡಿ.”

“ಮಾಡ್ತೀನಿ. ಎಷ್ಟು ದಿನ ಬಾಳುತ್ತೋ ಗ್ಯಾರಂಟಿ ಕೊಡಲ್ಲ. ಒಂದು ವಾರ ಬಿಡಿ.”

ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಕಣ್ಣು ಮಿಟುಕಿಸಿದ. ಒಮ್ಮೆ ಮಿಟುಕಿಸಿದರೆ ಹೌದು, ಎರಡು ಸಲ ಮಿಟುಕಿಸಿದರೆ ಇಲ್ಲ. ಇದಿಷ್ಟು ಆಸ್ಪತ್ರೆಯಲ್ಲೇ ಕಲಿಸಿದ್ದರು. ಉಳಿದ ಮಾತಿಗೆ ರಟ್ಟಿನ ಮೇಲೆ ಅಕ್ಷರಮಾಲೆ ಬರೆದುಕೊಂಡಳು. ಅವಳು ಬೆರಳಿಟ್ಟು ತೋರಿಸುತ್ತ ಹೋಗಬೇಕು, ಅವನು ಬೇಕಾದಲ್ಲಿ ಮಿಟುಕಿಸಬೇಕು. ಮೊದಲ ದಿನ ಉತ್ಸಾಹದಿಂದಲೇ ಮಾಡಿದಳು. ಆದರೆ ಒಂದು ‘ಕಿ’ ಬರೆಯುವುದಕ್ಕೆ ಕ ಆಗಬೇಕು, ಆಮೇಲೆ ಗುಡಿಸು ಬೇಕೋ ಕೊಂಬು ಬೇಕೋ ಎಂದು ಪೂರ್ತಿ ಕಾಗುಣಿತ ಓದಬೇಕು. ‘ಕಿಟಕಿ’ ಎನ್ನುವಷ್ಟರಲ್ಲಿ ಇಬ್ಬರಿಗೂ ಸುಸ್ತು. ಅವನ ಕಣ್ಣಿಂದ ನೀರಿಳಿಯುತ್ತಿತ್ತು, ಅಳುವಿಗಲ್ಲ, ರೆಪ್ಪೆ ಹಿಡಿದು ಹಿಡಿದು.

ಹಾಗಾಗಿ ಅವಳು ಊಹಿಸತೊಡಗಿದಳು. ಇಷ್ಟು ವರ್ಷ ಜೊತೆಗಿದ್ದವಳಿಗೆ ಊಹೆ ಎಷ್ಟರ ಕೆಲಸ? ನೀರಾ? ಫ್ಯಾನಾ? ಪಕ್ಕಕ್ಕೆ ತಿರುಗಿಸ್ಲಾ? ಅವನು ಮಿಟುಕಿಸುತ್ತಿದ್ದ. ಹೆಚ್ಚಾಗಿ ಸರಿಯೇ ಇರುತ್ತಿತ್ತು. ಸರಿಯಿಲ್ಲದಿದ್ದಾಗ ಇನ್ನೆರಡು ಕೇಳುತ್ತಿದ್ದಳು. ಆಮೇಲೆ ಒಂದು ಕೇಳುತ್ತಿದ್ದಳು. ಆಮೇಲೆ “ಸರಿ, ಸ್ವಲ್ಪ ಹೊತ್ತು ಮಲಗಿ,” ಎನ್ನುತ್ತಿದ್ದಳು.

ಮನೆ ಎಷ್ಟು ನಿಶ್ಶಬ್ದವಾಗಿದೆ ಎನ್ನುವುದು ಅವಳ ಗಮನಕ್ಕೆ ಬಂದದ್ದು ಒಂದು ಬೆಳಿಗ್ಗೆ, ಕೋಟಿನ ಕೊನೆಯ ದಾರ ಕತ್ತರಿಸುವಾಗ. ಇಡೀ ಕೋಟನ್ನು ಕೂತಲ್ಲಿಂದ ಏಳದೆ ಮುಗಿಸಿದ್ದಳು. ಯಾರೂ ಕರೆದಿರಲಿಲ್ಲ. ಲ್ಯಾಪ್‌ಟಾಪ್ ಇದ್ದಾಗ ಹೀಗಿರಲಿಲ್ಲ, ಕೂಗಿನ ಮೇಲೆ ಕೂಗು. ಪರದೆ. ಕಿಟಕಿ ಪರದೆ ಅಂದೆ. ನಲ್ಲಿ ತೊಟ್ಟಿಕ್ಕುತ್ತಿದೆ. ಬಾಗಿಲಿಗೆ ಯಾರೋ ಬಂದರು. ಮಷಿನ್ನಿಗೆ ಎಣ್ಣೆ ಹಾಕು, ಅಳುತ್ತಿದೆ. ಕೂಗುವುದನ್ನೇ ಕಸುಬು ಮಾಡಿಕೊಂಡವನು, ದನಿಯನ್ನು ಗೋಡೆ ದಾಟಿಸುವ ಅಭ್ಯಾಸ ಬಿಟ್ಟಿರಲಿಲ್ಲ. ಅವಳು ಬಚ್ಚಲಲ್ಲಿದ್ದಾಗಲೂ ಅದು ಕಿವಿಗೆ ಬರುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಈಗ ಬರೀ ಸೂಜಿ ಬಟ್ಟೆಗಿಳಿಯುವ ಸದ್ದು.

ಹಾಯೆನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯಾಗಿ ಎದ್ದುಹೋಗಿ ಅವನ ಹಣೆ ಸವರಿದಳು. “ಇನ್ನೇನು ಬಂದ್ಬಿಡುತ್ತೆ,” ಎಂದಳು. ಅವನು ಒಮ್ಮೆ ಮಿಟುಕಿಸಿದ.

ವಾರ ಕಳೆದು ಅಂಗಡಿಯವನ ಫೋನು ಬಂತು. “ಅಕ್ಕಾ, ರೆಡಿ. ಬಂದು ಒಯ್ಯಿರಿ.”

“ಹೂಂ, ಬರ್ತೀನಿ. ಇವತ್ತು ಸ್ವಲ್ಪ ಕೆಲಸ ಇದೆ, ನಾಳೆ.”

ನಿಜಕ್ಕೂ ಕೆಲಸವಿತ್ತು. ಮರುದಿನವೂ ಇತ್ತು. ಮೂಲೆಯ ಅಂಗಡಿಗೆ ಹೋಗಿಬರಲು ಚಪ್ಪಲಿ ಮೆಟ್ಟಿದರೆ ಸಾಕು ಎಂದು ಗೊತ್ತಿದ್ದೂ ಅವಳು ಹೋಗಲಿಲ್ಲ. ಗಂಡನಿಗೆ ಮೈ ಒರೆಸುವಾಗ ಅವನ ಕಣ್ಣು ಬಾಗಿಲ ಕಡೆ, ಆಮೇಲೆ ಅವಳ ಕಡೆ, ಮತ್ತೆ ಬಾಗಿಲ ಕಡೆ ಹೋಯಿತು. ಏನು ಕೇಳುತ್ತಿದ್ದಾನೆಂದು ಊಹಿಸಲು ರಟ್ಟು ಬೇಕಿರಲಿಲ್ಲ.

“ಅದಾ? ಇನ್ನೂ ಪಾರ್ಟ್ ಬಂದಿಲ್ಲವಂತೆ,” ಎಂದಳು.

ಸುಳ್ಳು ಬಾಯಿಂದ ಸಲೀಸಾಗಿ ಬಂತು. ಇನ್ನೆರಡು ದಿನ, ಅಷ್ಟೇ, ಎಂದು ತನಗೇ ಹೇಳಿಕೊಂಡಳು. ಎರಡು ದಿನ ನೆಮ್ಮದಿಯಾಗಿ ಕೆಲಸ ಮುಗಿಸಿಕೊಂಡು ತಂದರಾಯಿತು. ಅವನನ್ನೇನು ಉಪವಾಸ ಕೆಡವಿದ್ದಾಳೆಯೇ? ಹೊತ್ತುಹೊತ್ತಿಗೆ ಹೊಟ್ಟೆಗಿಳಿಸಿದ ನಳಿಗೆಯಲ್ಲಿ ಆಹಾರ, ಹೊತ್ತುಹೊತ್ತಿಗೆ ಮಗ್ಗುಲು ಬದಲು, ಎಲ್ಲ ಆಗುತ್ತಲೇ ಇತ್ತು.

ಎರಡು ದಿನ ಹೋಗಿ ನಾಲ್ಕಾಯಿತು, ಆಮೇಲೆ ಎಣಿಸುವುದನ್ನೇ ಬಿಟ್ಟಳು. ಅಂಗಡಿಯವನ ಫೋನು ಬಂದರೆ ಹೊರಗಿನ ಜಗಲಿಗೆ ಹೋಗಿ ಮಾತಾಡುತ್ತಿದ್ದಳು. ಅಕ್ಷರದ ರಟ್ಟನ್ನು ಧೂಳು ಹೊಡೆಯುವಾಗ ಕಪಾಟಿನ ಮೇಲಿಟ್ಟದ್ದು ಕೆಳಗೆ ಬರಲಿಲ್ಲ. ಪಕ್ಕದ ಮನೆಯಾಕೆ ನೋಡಲು ಬಂದಾಗ, “ಹೇಗಿದೀರಿ ಮೈಕ್ ಮಾಮ?” ಎಂದು ಕೇಳಿದ್ದು ಅವನನ್ನು, “ಆರಾಮಾಗಿದಾರೆ, ಸ್ವಲ್ಪ ಸುಸ್ತು,” ಎಂದದ್ದು ಇವಳು. ಟೀವಿಯಲ್ಲಿ ಯಾವ ಚಾನೆಲ್ಲು, ಸಂಜೆ ಕಿಟಕಿ ತೆರೆಯಬೇಕೋ ಬೇಡವೋ, ಗಡ್ಡ ಬೋಳಿಸಬೇಕೋ ಬಿಡಬೇಕೋ, ಒಂದೊಂದಾಗಿ ಎಲ್ಲವೂ ಅವಳಿಗೇ ಬಿಟ್ಟದ್ದಾಯಿತು. ಕೇಳುವ ಅಭ್ಯಾಸ ಯಾವಾಗ ತಪ್ಪಿತೋ ಅವಳಿಗೇ ತಿಳಿಯಲಿಲ್ಲ. ಕೇಳದೆ ಮಾಡಿದರೆ ಕೆಲಸ ಎಷ್ಟು ಬೇಗ ಮುಗಿಯುತ್ತದೆ!

ನಾದಿನಿ ಫೋನು ಮಾಡಿದಾಗ ಅವಳು ಸ್ಪೀಕರ್ ಹಾಕಿ ಅದನ್ನು ಅವನ ಕಿವಿಯ ಬಳಿ ಹಿಡಿದಳು. ನಾದಿನಿ ಮಕ್ಕಳ ಸುದ್ದಿ, ಆಫೀಸಿನ ಸುದ್ದಿ ಎಲ್ಲ ಹೇಳಿ, “ಅಣ್ಣ, ನಿನ್ನ ದನಿ ಕೇಳದೆ ಒಂಥರಾ ಆಗ್ತಿದೆ ಕಣೋ,” ಎಂದಳು. ಆಮೇಲೆ, “ಅತ್ತಿಗೆ, ಇನ್ನೂ ಆಗ್ಲಿಲ್ವಾ ಅದು? ಇಷ್ಟು ದಿನ ಅವನು ಮಾತಿಲ್ಲದೆ ಹೇಗಿರ್ತಾನೆ? ನಾನು ಹೊಸದೇ ಕಳಿಸಿಬಿಡ್ಲಾ?”

“ಹೊಸದು ಅವರಿಗೆ ಬೇಡ. ಅವರೇ ಹೇಳಿದ್ರಲ್ಲ,” ಎಂದಳು ಅವಳು.

ಅವನು ಮಿಟುಕಿಸುತ್ತಿದ್ದ. ಎರಡು ಸಲ. ಮತ್ತೆ ಎರಡು ಸಲ. ಮತ್ತೆ. ಅವಳು ಅದನ್ನು ನೋಡಿದಳು. ಫೋನಿನಲ್ಲಿದ್ದ ನಾದಿನಿಗೆ ಅದು ಕಾಣುವಂತಿರಲಿಲ್ಲ.

“ಸರಿ ಬಿಡಿ, ಅವನಿಷ್ಟ,” ಎಂದಳು ನಾದಿನಿ.

ಫೋನಿಟ್ಟ ಮೇಲೆ ಅವಳು ಹೊದಿಕೆ ಸರಿಮಾಡಿದಳು. ಅವನ ಕಣ್ಣು ಅವಳ ಮುಖದ ಮೇಲೇ ಇತ್ತು. ಸಿಟ್ಟಲ್ಲ, ಬೇಡಿಕೆಯಲ್ಲ. ಗುರುತಿಲ್ಲದ ಊರಿನಲ್ಲಿ ಇಳಿದವನು ಎದುರು ಬಂದವರನ್ನು ಅಳೆಯುವ ನೋಟ. ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ನಾಳೆ ಖಂಡಿತ ತರುತ್ತೇನೆ ಎಂದುಕೊಂಡಳು. ಇದನ್ನು ಅವಳು ದಿನವೂ ಅಂದುಕೊಳ್ಳುತ್ತಿದ್ದಳು.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಮಂಚದ ತಲೆಭಾಗ ಏರಿಸಿದಳು. ಅದು ಆಸ್ಪತ್ರೆಯ ಮಂಚ. ಹಿಡಿಕೆ ತಿರುಗಿಸಿದರೆ ಬೆನ್ನು ಮೇಲೇಳುತ್ತದೆ, ಬಿಗಿಯಿಲ್ಲದ ಮೈ ಮೆಲ್ಲಗೆ ಕೆಳಕ್ಕೆ ಜಾರುತ್ತದೆ. ಜಾರಿದ್ದನ್ನು ಎಂದಿನಂತೆ ಮೇಲೆಳೆದು ಕೂರಿಸಬೇಕಿತ್ತು. ಲ್ಯಾಪ್‌ಟಾಪ್ ಇದ್ದಾಗ “ಮೇಲೆ,” ಎಂದು ಅದೇ ನೆನಪಿಸುತ್ತಿತ್ತು. ಅಂದು ಗಿರಾಕಿಯೊಬ್ಬಳು ಬಾಗಿಲಲ್ಲಿ ಕಾಯುತ್ತಿದ್ದಳು. ನಳಿಗೆಯಲ್ಲಿ ಆಹಾರ ಬಿಟ್ಟು, ಹೊದಿಕೆ ಎಳೆದು ಹೊರಗೆ ಬಂದಳು.

ಗಿರಾಕಿ ಹೋದ ಮೇಲೆ ಒಮ್ಮೆ ಇಣುಕಿದಳು. ಅವನ ಕಣ್ಣು ಒಂದೇ ಸಮನೆ ಕೆಳಗೆ, ಮಂಚದ ಕಾಲ್ತುದಿಯ ಕಡೆ ಓಡುತ್ತಿತ್ತು. ಅವಳನ್ನು ನೋಡುವುದು, ಕೆಳಗೆ ನೋಡುವುದು. ಅವಳನ್ನು, ಕೆಳಗೆ. ಅಲ್ಲಿ, ಕಾಲ್ತುದಿಯ ಸರಳಿಗೆ, ಲ್ಯಾಪ್‌ಟಾಪ್ ಇಡುವ ಮಣೆಯನ್ನು ಅವಳು ನೇತುಹಾಕಿದ್ದಳು.

“ಮತ್ತೆ ಅದೇನಾ? ಬಂದಿಲ್ಲ ಅಂದೆನಲ್ಲ!” ದನಿ ಜೋರಾಯಿತು. “ಎಷ್ಟು ಸಲ ಅದನ್ನೇ ಕೇಳ್ತೀರಿ? ನಂದೂ ಒಂದು ಜೀವ ಅಲ್ವಾ?”

ಅವನು ಎರಡು ಸಲ ಮಿಟುಕಿಸಿದ. ಮತ್ತೆ ಕೆಳಗೆ ನೋಡಿದ. ಹಣೆಯ ಮೇಲೆ ಬೆವರಿತ್ತು. ಅವಳು ಫ್ಯಾನು ಹಾಕಿ, ಬಾಗಿಲು ಅರ್ಧ ಮುಂದೆ ಮಾಡಿ, ಹೊರಗೆ ಬಂದು ಕತ್ತರಿಸಿದ ಬಟ್ಟೆಗಳ ಪಕ್ಕದಲ್ಲೇ ಚಾಪೆಯ ಮೇಲೆ ಅಡ್ಡಾದಳು. ಸಿಟ್ಟು ಇನ್ನೂ ಆರಿರಲಿಲ್ಲ. ಆದರೂ ನಿದ್ದೆ ಬಂತು, ಬೆಳಕಿರುವಾಗ ಮಲಗಿದವರಿಗೆ ಬರುವಂಥ ಭಾರವಾದ ನಿದ್ದೆ.

ಬಾಗಿಲು ತಟ್ಟಿದ ಸದ್ದಿಗೆ ಎಚ್ಚರವಾದಾಗ ಬಿಸಿಲು ಗೋಡೆ ಹತ್ತಿತ್ತು. ತೆರೆದರೆ ರಿಪೇರಿ ಅಂಗಡಿಯವನು, ಬಗಲಲ್ಲಿ ಲ್ಯಾಪ್‌ಟಾಪ್.

“ಏನಕ್ಕಾ ನೀವು! ರೆಡಿಯಾಗಿ ಎಷ್ಟು ದಿನ ಆಯ್ತು, ಫೋನ್ ಮಾಡಿದಾಗೆಲ್ಲ ನಾಳೆ ನಾಳೆ ಅಂತೀರಿ. ಈ ಕಡೆ ಒಂದು ಪ್ರಿಂಟರ್ ಕೊಡೋದಿತ್ತು. ಪಾಪ, ಮನುಷ್ಯ ಮಾತಿಲ್ಲದೆ ಒದ್ದಾಡ್ತಿರ್ತಾರೆ ಅಂತ ನಾನೇ ತಂದ್ಬಿಟ್ಟೆ.”

ಬಾಯಿ ಜೋರಿನ ಮನುಷ್ಯ. ಒಳಕೋಣೆಯ ಬಾಗಿಲು ಅರ್ಧ ತೆರೆದೇ ಇತ್ತು.

“ಮೆಲ್ಲಗೆ,” ಎಂದಳು ಅವಳು. ಆಗಲೇ ತಡವಾಗಿತ್ತು.

“ಮಲಗಿದಾರಾ? ಇಲ್ಲ ಅಂದ್ರೆ ಒಂದು ಸಲ ಹಾಕಿ ನೋಡ್ಕೊಂಡೇ ಹೋಗ್ತೀನಿ,” ಎಂದು ಅವನು ಚಪ್ಪಲಿ ಬಿಟ್ಟು ಒಳಗೆ ನಡೆದೇಬಿಟ್ಟ. ಅವಳು ಹಿಂದೆ ಹೋದಳು. ಗಂಡನ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಅವನು ಅವಳನ್ನು ನೋಡಲಿಲ್ಲ. ಅಂಗಡಿಯವನು ಮಣೆ ತೆಗೆದು ತೊಡೆಗೆ ಅಡ್ಡ ಇಟ್ಟು, ಲ್ಯಾಪ್‌ಟಾಪ್ ತೆರೆದು, ಗುಂಡಿಯನ್ನು ಬೆರಳಡಿಗೆ ತಳ್ಳಿದ. “ಏನಾದ್ರೂ ಹೇಳಿ ಸಾರ್, ಕೇಳೋಣ.”

ಅಕ್ಷರಗಳು ಬೆಳಗುತ್ತ ಹೋದವು. ಅವಳು ಗೋಡೆಗೆ ಆತು ನಿಂತಳು. ಇಷ್ಟು ದಿನದ ಮಾತೆಲ್ಲ ಈಗ ಹೊರಬರುತ್ತದೆ, ಅದೂ ಹೊರಗಿನವನ ಮುಂದೆ. ಏನೆನ್ನುತ್ತಾನೆ? ಸುಳ್ಳಿ ಎನ್ನುತ್ತಾನೆಯೇ? ನಡೆ ಆಚೆ ಎನ್ನುತ್ತಾನೆಯೇ? ಬೆರಳು ಗುಂಡಿಯನ್ನು ಒತ್ತಿತು, ತಪ್ಪಿತು, ಮತ್ತೆ ಒತ್ತಿತು.

“ಕಾಲು,” ಎಂದಿತು ಅವನ ದನಿ.

ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಹೊದಿಕೆಯನ್ನು ಎಳೆದು ಒಗೆದಳು.

ಜಾರಿ ಹೋದ ಮೈಯ ಎಡಗಾಲು ಪಕ್ಕದ ಸರಳಿಗೂ ಕಾಲ್ತುದಿಯ ಕಬ್ಬಿಣದ ಪಟ್ಟಿಗೂ ನಡುವಿನ ಸಂದಿಯಲ್ಲಿ ತಿರುಚಿ ಸಿಕ್ಕಿಕೊಂಡಿತ್ತು. ಇಡೀ ಮೈಯ ಭಾರ ಅದರ ಮೇಲೆ. ಪಾದ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಬೆರಳ ತುದಿಗಳು ಅದಕ್ಕಿಂತ ಕಪ್ಪು. ಮಧ್ಯಾಹ್ನದ ಊಟದಿಂದ ಈವರೆಗೆ ಅದು ಹಾಗೆಯೇ ಇತ್ತು. ಅವನ ಕಣ್ಣು ಹೇಳಿದ್ದು ಮಣೆಯ ಮಾತಲ್ಲ.

ಅವಳು ಕೂಗಿಕೊಂಡಳೋ ಇಲ್ಲವೋ ಅವಳಿಗೆ ನೆನಪಿಲ್ಲ. ಅಂಗಡಿಯವನು ಹೆಗಲು ಹಿಡಿದು ಮೈಯನ್ನು ಮೇಲೆತ್ತಿದ, ಅವಳು ಕಾಲು ಬಿಡಿಸಿದಳು. ರಕ್ತ ವಾಪಸು ಹರಿಯತೊಡಗಿದಾಗ ಗಂಡನ ಗಂಟಲಿನಿಂದ ಒಂದು ಸದ್ದು ಬಂತು. ನಾಲಿಗೆ ಬಿದ್ದ ಮೇಲೆ ಅವಳು ಕೇಳಿದ, ಯಂತ್ರದ್ದಲ್ಲದ, ಅವನದೇ ಆದ ಮೊದಲ ಸದ್ದು ಅದು.

ಆಸ್ಪತ್ರೆಯಲ್ಲಿ ಪಾದ ಉಳಿಯಿತು. ಎರಡು ಬೆರಳು ತೆಗೆಯಬೇಕಾಯಿತು. “ಮಲಗಿದವರಿಗೆ ಹೀಗಾಗುತ್ತೆ,” ಎಂದರು ಡಾಕ್ಟರು. “ಮಾತಾಡೋಕೆ ಬರದವರನ್ನ ಪದೇ ಪದೇ ನೋಡ್ತಿರಬೇಕು.” ಅವಳು ತಲೆಯಾಡಿಸಿದಳು.

ನಾದಿನಿ ಮೊದಲ ಗಾಡಿಗೇ ಹೊರಟು ಬಂದಳು. ಅಣ್ಣನ ತಲೆ ಸವರುತ್ತ ಅತ್ತಳು. ಅತ್ತಿಗೆಯನ್ನೂ ತಬ್ಬಿಕೊಂಡಳು. “ನೀವೊಬ್ರೇ ಎಷ್ಟು ಅಂತ ಮಾಡ್ತೀರಿ,” ಎಂದಳು. ಆ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು. ಆಮೇಲೆ ನಾದಿನಿ ಮಂಚದ ಮೇಲಿನ ಲ್ಯಾಪ್‌ಟಾಪ್ ನೋಡಿ, “ಇದು ಯಾವತ್ತು ಬಂತು?” ಎಂದು ಕೇಳಿದಳು.

“ಅವತ್ತೇ. ಕಾಲಿಗೆ ಹಾಗಾದ ದಿನಾನೇ,” ಎಂದಳು ಅವಳು.

ಅವನು ಅಲ್ಲೇ ಇದ್ದ. ಬೆರಳು ಗುಂಡಿಯ ಮೇಲೇ ಇತ್ತು. ಅವಳು ಉಸಿರು ಹಿಡಿದು ಕಾದಳು. ಅಕ್ಷರಗಳು ಸುಮ್ಮನೆ ಬೆಳಗುತ್ತ ಸರಿದುಹೋದವು, ಬೆರಳು ಅಲುಗಲಿಲ್ಲ. ಅವನು ಹೇಳಿಬಿಟ್ಟಿದ್ದರೆ ಅತ್ತು, ಕಾಲು ಹಿಡಿದು, ಹೇಗೋ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. ನಾಳೆ ಹೇಳಬಹುದು, ಮುಂದಿನ ತಿಂಗಳು ಹೇಳಬಹುದು, ಹೇಳದೆಯೂ ಇರಬಹುದು. ಇನ್ನು ಕಾಯುವ ಸರದಿ ತನ್ನದು ಎಂದು ಅವಳಿಗೆ ಅರ್ಥವಾಯಿತು.

ಸಂಜೆ ಅವಳು ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಸಿಕೊಂಡು ವಾರ್ಡಿಗೆ ಮರಳುವಾಗ ಒಳಗಿನಿಂದ ಅವನ ದನಿ ಕೇಳಿಸಿತು. ಬಾಗಿಲಲ್ಲೇ ನಿಂತಳು.

“ಹೊಸದು ತರಿಸು.”

“ನಿಜವಾಗ್ಲೂ? ನಿನ್ನ ದನಿ ಹೋಗುತ್ತಲ್ಲೋ ಅಣ್ಣ. ಯಾವನದೋ ದನೀಲಿ ಕರೆಯಲ್ಲ ಅಂದಿದ್ದೆಯಲ್ಲ?”

ಮತ್ತೆ ಕಾಯುವಿಕೆ. ಅವಳು ಫ್ಲಾಸ್ಕನ್ನು ಇನ್ನೊಂದು ಕೈಗೆ ಬದಲಿಸಿದಳು.

“ಹೋಗಲಿ. ಹೊಸದರಿಂದ ನಾನೇ ಫೋನು ಮಾಡಬಹುದು. ನಿನಗೆ. ಡಾಕ್ಟರಿಗೆ. ಯಾರಿಗೆ ಬೇಕಾದರೂ.”

“ಅತ್ತಿಗೆ ಮಾಡಿಕೊಡ್ತಾರಲ್ಲ?”

“ಹೊಸದು ತರಿಸು,” ಎಂದಿತು ದನಿ ಮತ್ತೊಮ್ಮೆ. ಅವಳು ಸ್ವಲ್ಪ ಹೊತ್ತು ಕಾರಿಡಾರಿನಲ್ಲಿ ಅತ್ತಿತ್ತ ನಡೆದು, ಮುಖ ತೊಳೆದು, ಆಮೇಲೆ ಒಳಗೆ ಹೋದಳು.

ಮನೆಗೆ ಮರಳಿದ ಮೇಲೆ ಹೊಸ ಲ್ಯಾಪ್‌ಟಾಪ್ ಬಂತು. ತೆಳ್ಳಗಿತ್ತು, ಬಿಸಿಯಾಗುತ್ತಿರಲಿಲ್ಲ, ಕಣ್ಣಿನ ನೋಟದಿಂದಲೇ ಅಕ್ಷರ ಆರಿಸುತ್ತಿತ್ತು. ಅದರ ಅಂಚಿನಲ್ಲಿ ಪುಟ್ಟ ಕ್ಯಾಮೆರಾ ಇತ್ತು. ನಾದಿನಿ ತನ್ನ ಫೋನಿಗೂ ಅದನ್ನು ಜೋಡಿಸಿಕೊಂಡು, “ನಾನು ಅಲ್ಲಿಂದಲೇ ನಿನ್ನ ನೋಡಬಹುದು ಅಣ್ಣ,” ಎಂದು ಖುಷಿಪಟ್ಟಳು. ದನಿಗಳ ಸಾಲಿನಿಂದ ಒಂದನ್ನು ಅವನೇ ಆರಿಸಿದ. ವಯಸ್ಸು ಗೊತ್ತಾಗದ ಗಂಡಸಿನ ದನಿ, ಸುದ್ದಿ ಓದುವವರಂತೆ ಚೊಕ್ಕ, ಏರಿಳಿತವಿಲ್ಲದ್ದು. ಹಳೆಯದನ್ನು ಏನು ಮಾಡುವುದೆಂದು ಕೇಳಿದಾಗ, “ಬಿಸಾಕು,” ಎಂದ. ಅವಳು ಬಿಸಾಕಲಿಲ್ಲ. ರಿಪೇರಿ ಅಂಗಡಿಯವನಿಗೇ ಕೊಟ್ಟಳು. ಅವನು ಅದನ್ನು ಬಿಡಿಭಾಗಗಳಿಗೆಂದು ಬಿಚ್ಚಿದ.

ನಾದಿನಿ ಊರಿಗೆ ಹೋದಳು. ಮನೆಯಲ್ಲಿ ಮತ್ತೆ ಇಬ್ಬರೇ.

ಅವನು ಈಗ ಅವಳನ್ನು ಕರೆಯುವುದು ಕಡಿಮೆ. ನೀರು, ಪರದೆ, ಮಗ್ಗುಲು, ಬೇಕಾದಷ್ಟೇ ಮಾತು. ಅವಳು ಹೊರಗೆ ಹೊಲಿಯುವಾಗ ಒಳಗಿನಿಂದ ಆ ಅಪರಿಚಿತ ಗಂಡಸು ಯಾರೊಂದಿಗೋ ತಗ್ಗಿದ ದನಿಯಲ್ಲಿ ಮಾತಾಡುವುದು ಕೇಳಿಸುತ್ತದೆ. ಅವಳು ಮಷಿನ್ ನಿಲ್ಲಿಸುತ್ತಾಳೆ. ಮಷಿನ್ ನಿಂತರೆ ಆ ದನಿಯೂ ನಿಲ್ಲುತ್ತದೆ.

ಒಂದು ದಿನ ತಡೆಯಲಾಗದೆ ಒಳಗೆ ಹೋಗಿ ಮಂಚದ ಪಕ್ಕ ಕೂತಳು. “ಬೈದುಬಿಡಿ ನನ್ನ. ಬೈಬೇಕಾದ್ದೆಲ್ಲ ಬೈದುಬಿಡಿ. ಆವತ್ತು ಅಂಗಡಿಯವರು ಫೋನ್ ಮಾಡ್ತಾನೇ ಇದ್ರು, ನಾನೇ ತರಲಿಲ್ಲ. ಸುಳ್ಳು ಹೇಳಿದೆ. ನನಗೆ ಸಾಕಾಗಿತ್ತು ರೀ.”

ಅವನ ಕಣ್ಣು ಪರದೆಯ ಮೇಲೆ ಓಡಾಡಿತು.

“ಸಿಟ್ಟಿಲ್ಲ,” ಎಂದಿತು ಹೊಸ ದನಿ.

ಹಳೆಯ ದನಿಯಾಗಿದ್ದರೆ ಆ ಒಂದು ಮಾತಿನಲ್ಲಿ ನಿಜವೆಷ್ಟು, ನೋವೆಷ್ಟು, ಕ್ಷಮೆಯೆಷ್ಟು ಎಂದು ಅವಳು ಕಿವಿಯಲ್ಲೇ ತೂಗುತ್ತಿದ್ದಳು. ಇದರಲ್ಲಿ ಹಿಡಿಯಲು ಏನೂ ಸಿಗಲಿಲ್ಲ. ಅವನ ಮುಖ ನೋಡಿದಳು. ಆ ಮುಖದ ಸ್ನಾಯುಗಳು ಸತ್ತು ಎಷ್ಟೋ ಕಾಲವಾಗಿತ್ತು.

“ನಿಜ ಹೇಳಿ.”

ಕಣ್ಣು ಮತ್ತೆ ಓಡಾಡಿತು, ಈ ಸಲ ಹೆಚ್ಚು ಹೊತ್ತು.

“ಸಿಟ್ಟಿಲ್ಲ. ಭಯ.”

ಅವಳು ಕೂತೇ ಇದ್ದಳು. ಹೊರಗೆ ಯಾರೋ ಗೇಟು ತೆಗೆದು, ಮನೆ ತಪ್ಪಿತೆಂದು ಮತ್ತೆ ಮುಚ್ಚಿಕೊಂಡು ಹೋದರು. ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಕೆಲಸ ನಿಲ್ಲಿಸುವಂತಿರಲಿಲ್ಲ. ಅವಳು ಎದ್ದು ಮಣೆ ತೆಗೆದಳು, ಅವನ ಬೆನ್ನಡಿಗೆ ಒಂದು ಕೈ, ಮಂಡಿಯಡಿಗೆ ಒಂದು ಕೈ ಕೊಟ್ಟಳು. ಬ್ಯಾಂಡೇಜು ಕಟ್ಟಿದ ಪಾದವನ್ನು ಹುಷಾರಾಗಿ ಎತ್ತಿ ದಿಂಬಿನ ಮೇಲಿಟ್ಟಳು. ಹೊದಿಕೆ ಎಳೆದಳು. ಅಷ್ಟು ಹೊತ್ತೂ ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ. ಅವಳ ಕೈಗಳು ಎಲ್ಲೆಲ್ಲಿ ಹೋಗುತ್ತಿದ್ದವೋ ಅಲ್ಲಲ್ಲಿಗೆ, ಒಂದು ಕ್ಷಣವೂ ರೆಪ್ಪೆ ಬಡಿಯದೆ, ಆ ಕಣ್ಣುಗಳು ಹಿಂಬಾಲಿಸುತ್ತಿದ್ದವು.